ಅಮ್ಮನ ಆಸ್ಟರ್ ಪಾತಿ

ನಮ್ಮ ಮಿಶಿಗನ್ ಮನೆಯ ಹಿತ್ತಲಿನ ವಿಷಯದಲ್ಲಿ ಮೊದಲೆಲ್ಲ ನನ್ನದು ಒಂದೇ ಕೆಲಸ, ಶನಿವಾರ ಹುಲ್ಲು ಕತ್ತರಿಸುವುದು. ಆಸ್ಟರ್ ಹುಚ್ಚು ಹಿಡಿಸಿದವಳು ನನ್ನ ಅಮ್ಮ.

2008ರ ಏಪ್ರಿಲ್‌ನಲ್ಲಿ ಅಮ್ಮ ಆರು ತಿಂಗಳಿಗೆಂದು ಬಂದಳು. ಅವಳ ತವರು ಚಿಕ್ಕಬಳ್ಳಾಪುರದ ಕಡೆ. ಅಲ್ಲಿ ಆಸ್ಟರನ್ನು ಹೊಲದಲ್ಲೇ ಬೆಳೆಯುತ್ತಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂಬ ತಳಿಗಳನ್ನೇ ಹೊರತಂದಿದೆ. “ಬೀಜ ತರಲೇನೋ?” ಎಂದು ಫೋನಿನಲ್ಲಿ ಕೇಳಿದ್ದಳು. “ಏರ್‌ಪೋರ್ಟಿನಲ್ಲಿ ಹಿಡೀತಾರೆ, ಬೇಡಮ್ಮ” ಎಂದಿದ್ದೆ. ಇಲ್ಲಿನ ಅಂಗಡಿಯಲ್ಲೇ ಚೈನಾ ಆಸ್ಟರ್ ಬೀಜದ ಪೊಟ್ಟಣ ಸಿಕ್ಕಿತು. ಇಲ್ಲಿ ರಸ್ತೆ ಬದಿಯಲ್ಲಿ ತಾನೇ ಅರಳುವ ಆಸ್ಟರ್ ಬೇರೆ ಜಾತಿಯದು. ನಮ್ಮೂರಿನದು ಬೇಕಾದರೆ ಚೈನಾ ಆಸ್ಟರ್ ಎಂದೇ ಕೇಳಬೇಕು.

ಅಮ್ಮ ಕಿಟಕಿಯ ಪಕ್ಕ ಟ್ರೇಗಳಲ್ಲಿ ಬಿತ್ತಿದಳು. ಹಿಮದ ಭಯ ಕಳೆದು ಮೇ ಕೊನೆ ಬಂದಾಗ, ಗೇಣಿಗೊಂದರಂತೆ 40 ಸಸಿ ನೆಟ್ಟಳು. “ಗೌರಿ ಹಬ್ಬಕ್ಕೆ ಅಂಗಡಿ ಹೂ ತರೋ ಹಾಗಿಲ್ಲ” ಎಂದು ನನ್ನ ಹೆಂಡತಿಗೆ ಆಜ್ಞೆಯೂ ಆಯಿತು.

ಜುಲೈನಲ್ಲಿ ಎರಡು ಗಿಡಗಳು ಮಂಕಾದವು. ಎಲೆ ಹಳದಿ, ಬೆಳವಣಿಗೆ ಕುಂಠಿತ, ಅರಳಿದ ಒಂದು ಮೊಗ್ಗಿನಲ್ಲಿ ದಳಗಳೆಲ್ಲ ಹಸಿರು! ಪೋಷಕಾಂಶದ ಕೊರತೆ ಎಂದು ರೋಗನಿರ್ಣಯ ಮಾಡಿ ಗೊಬ್ಬರ ಹಾಕಿದೆ. ಮರುದಿನ ಅಮ್ಮ ನೋಡಿದವಳೇ ಎರಡನ್ನೂ ಬೇರುಸಮೇತ ಕಿತ್ತಳು.

“ಅಯ್ಯೋ, ಔಷಧ ಹಾಕಿ ನೋಡಬಹುದಿತ್ತಲ್ಲಮ್ಮ!”

“ಎಲ್ಲಕ್ಕೂ ಔಷಧ ಇರುತ್ತೇನೋ? ಉಳಿದವನ್ನು ನೋಡ್ಕೋ.”

ಮಗ ಎಂ.ಡಿ. ಮಾಡಿದವನು, ಸುಮ್ಮನಿರುತ್ತಾನೆಯೇ? ಪುಸ್ತಕ ತೆಗೆದೆ. ರೋಗದ ಹೆಸರು ಆಸ್ಟರ್ ಯೆಲ್ಲೋಸ್. ವೈರಸ್ ಎಂದೇ ತಿಳಿದಿದ್ದ ಇಂಥ ರೋಗಗಳ ಹಿಂದೆ ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮಜೀವಿ ಇದೆ ಎಂದು 1967ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಈಗ ಅದನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ. ದಕ್ಷಿಣದ ಗಾಳಿಯೊಡನೆ ಬರುವ ಜಿಗಿಹುಳು ರಸ ಹೀರುತ್ತಾ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ನಾವು ರೋಗಿಗಳಿಗೆ ಕೊಡುವ ಟೆಟ್ರಾಸೈಕ್ಲಿನ್ ಕೂಡ ಲಕ್ಷಣಗಳನ್ನು ಅಡಗಿಸುತ್ತದೆಯೇ ಹೊರತು ಗಿಡವನ್ನು ಗುಣಪಡಿಸದು. ಉಪಾಯ ಒಂದೇ, ಕಿತ್ತು ಹಾಕುವುದು. ಅಮ್ಮ ಓದಿದ್ದು ಏಳನೇ ಕ್ಲಾಸು!

ಆ ಬೇಸಿಗೆಯಲ್ಲಿ ಒಟ್ಟು 14 ಗಿಡ ಹೋದವು. ಸೆಪ್ಟೆಂಬರ್ 2ರ ಗೌರಿ ಹಬ್ಬಕ್ಕೆ ಉಳಿದ 26ರಲ್ಲಿ ಬಿಳಿ, ಗುಲಾಬಿ, ನೇರಳೆ ಹೂ ತುಂಬಿತ್ತು. ಅಮ್ಮ ಮಂಟಪವನ್ನೇ ಮುಚ್ಚಿಬಿಟ್ಟಳು.

ಹತ್ತು ವರ್ಷದ ನಂತರ, 2018ರಲ್ಲಿ, ಅಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ನಾನು ಬೆಂಗಳೂರು ತಲುಪುವಷ್ಟರಲ್ಲಿ ಅದು ಯಕೃತ್ತಿಗೂ ಹರಡಿತ್ತು. “ಇನ್ನೊಂದು ಸುತ್ತು ಕೀಮೋ ಕೊಡಿಸೋಣ” ಎಂದೆ. ಗೆಳೆಯರಿಗೆಲ್ಲ ಫೋನ್ ಮಾಡಿದೆ. ಎಷ್ಟೋ ಕುಟುಂಬಗಳನ್ನು ಕೂರಿಸಿಕೊಂಡು, ಚಿಕಿತ್ಸೆ ಎಲ್ಲಿ ನಿಲ್ಲಬೇಕೆಂದು ತಾಳ್ಮೆಯಿಂದ ವಿವರಿಸಿದ್ದ ವೈದ್ಯ ಅಂದು ನನ್ನೊಳಗೆ ಎಲ್ಲಿ ಹೋಗಿದ್ದನೋ! ಅಮ್ಮ ನನ್ನ ಕೈ ಹಿಡಿದು ಮತ್ತದೇ ಮಾತು ಹೇಳಿದಳು. “ಎಲ್ಲಕ್ಕೂ ಔಷಧ ಇರುತ್ತೇನೋ? ಮನೆಗೆ ಕರ್ಕೊಂಡು ಹೋಗು.”

ಗಿಡ ಕೀಳುವುದೂ ತಾಯಿಯನ್ನು ಬೀಳ್ಕೊಡುವುದೂ ಒಂದೇ ಅಲ್ಲ. ಆದರೂ ಆ ಮಾತು ಕೇಳಿದ ಮೇಲೆ ವಾದಿಸಲಿಲ್ಲ. ನೋವು ಶಮನಕ್ಕೆ ವ್ಯವಸ್ಥೆ ಮಾಡಿ ಮನೆಗೆ ಕರೆತಂದೆವು. ಐದು ವಾರ ಇದ್ದಳು. ಒಂದು ದಿನ ತಂಗಿ ಮಾರುಕಟ್ಟೆಯಿಂದ ಆಸ್ಟರ್ ತಂದು ಲೋಟದಲ್ಲಿಟ್ಟಳು. ಅಮ್ಮ ದಳ ಬಿಡಿಸಿ ನೋಡಿ, “ಒಳ್ಳೆ ಗಿಡದ್ದು” ಎಂದಳು.

ಈಗ ಪ್ರತಿ ಮೇ ತಿಂಗಳಲ್ಲಿ ಸಸಿ ನೆಡುತ್ತೇನೆ, ಪ್ರತಿ ವರ್ಷ ಬೇರೆ ಪಾತಿಯಲ್ಲಿ. ಒಂದೇ ಮಣ್ಣಿನಲ್ಲಿ ನೆಟ್ಟರೆ ಸೊರಗು ರೋಗ ಕಾಯುತ್ತಿರುತ್ತದೆ. ಹಳದಿಯಾದ ಗಿಡವನ್ನು ಅಂದೇ ಕೀಳುತ್ತೇನೆ. ಕೀಳುವಾಗ ಈಗಲೂ ಕೈ ಒಂದು ಕ್ಷಣ ತಡೆಯುತ್ತದೆ.

ಉಳಿದ ಹೂವು ನಮ್ಮ ಕೂಟದ ಗೌರಿ-ಗಣೇಶನಿಗೆ. ನಿಮಗೂ ಬೇಕಿದ್ದರೆ ಹಬ್ಬದ ಹಿಂದಿನ ದಿನ ಬನ್ನಿ, ಕತ್ತರಿ ಕೊಡುತ್ತೇನೆ.