ಗಡಸು ನೀರಿನ ಸಂಸಾರ

ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ. ಗೀಸರಿನ ಕಾಯಿಲ್ ವರ್ಷಕ್ಕೊಂದು ಬಲಿ. ಹೆಂಡತಿಯ ಕೂದಲು ಉದುರುವುದಕ್ಕೂ ನನ್ನ ತಲೆ ಬೋಳಾದದ್ದಕ್ಕೂ ಅದೇ ನೀರು ಹೊಣೆ. ನನ್ನ ತಂದೆಯದೂ ಬೋಳುತಲೆಯೇ. ಅವರು ಹುಟ್ಟಿದಾಗಿನಿಂದ ಮಿಂದದ್ದು ತುಂಗೆಯಲ್ಲಿ. ಇರಲಿ.

ಇಂಥ ನೀರಿಗೆ ನಿಯಾನ್ ಟೆಟ್ರಾ ತಂದು ಬಿಟ್ಟ ಜಾಣ ನಾನು. ಅದು ಅಮೆಜಾನ್ ಸೀಮೆಯ ಮೀನು, ಅಲ್ಲಿನ ತೊರೆಗಳ ನೀರು ಮಳೆನೀರಿನಂತೆ ಮೆದು. ಹನ್ನೆರಡು ತಂದೆ, ಎರಡು ಉಳಿದವು. ಮತ್ತೆ ಹನ್ನೆರಡು ತಂದೆ. ಮೂರನೆಯ ಸಲ ಹೋದಾಗ ಅಂಗಡಿಯ ಹುಡುಗನಿಗೇ ಮರುಕ ಹುಟ್ಟಿತು.

“ಸಾರ್, ಮನೇಲಿ ಬೋರ್ ನೀರಾ? ಟಿಡಿಎಸ್ ಎಷ್ಟಿದೆ?”

“ಏಳ್ನೂರು.”

“ಮತ್ಯಾಕೆ ದುಡ್ಡು ಹಾಳ್ ಮಾಡ್ಕೊತೀರಾ? ಆಫ್ರಿಕನ್ ಸಿಕ್ಲಿಡ್ ಇಡಿ” ಎಂದು ಮೂಲೆಯ ಟ್ಯಾಂಕಿನತ್ತ ಕೈ ಮಾಡಿದ. ಅಲ್ಲಿ ಬೆರಳುದ್ದವೂ ಇಲ್ಲದ, ಒದ್ದೆ ಮಣ್ಣಿನ ಬಣ್ಣದ ಆರು ಮರಿಗಳು. ಬಗ್ಗಿ ನೋಡಿದಾಗಲೇ ಚೆಲುವು ಕಂಡದ್ದು: ರೆಕ್ಕೆಗಳಿಗೆ ನಸುನೀಲಿ ಅಂಚು, ದಾರ ಎಳೆದು ಬಿಟ್ಟಂಥ ಬಾಲದ ಎರಡು ತುದಿ, ಕಣ್ಣಿನ ಹಿಂದೆ ಕಾಡಿಗೆ ತೀಡಿದ ಗುರುತು. ಅಂಗಡಿಯವರ ಬಾಯಲ್ಲಿ ‘ಪ್ರಿನ್ಸೆಸ್’. ಪುಸ್ತಕದ ಹೆಸರು ನಿಯೋಲ್ಯಾಂಪ್ರೊಲೋಗಸ್ ಬ್ರಿಶಾರ್ಡಿ. ಬುರುಂಡಿಯಲ್ಲಿ ಕೂತು ಟಾಂಗನಿಕಾ ಸರೋವರದ ಮೀನುಗಳನ್ನು ಹೊರದೇಶಕ್ಕೆ ಕಳಿಸುತ್ತಿದ್ದ ಪಿಯರ್ ಬ್ರಿಶಾರ್ ಎಂಬವರ ಹೆಸರನ್ನು 1974ರಲ್ಲಿ ಇದಕ್ಕಿಟ್ಟವರು ಬೆಲ್ಜಿಯಂನ ಮೀನುತಜ್ಞ ಮ್ಯಾಕ್ಸ್ ಪೋಲ್.

ಆ ಸರೋವರವೂ ಸಾಮಾನ್ಯದ್ದಲ್ಲ. ಬೀದರಿನಿಂದ ಚಾಮರಾಜನಗರಕ್ಕೆ ನೇರ ಗೆರೆ ಎಳೆದರೆ ಎಷ್ಟೋ ಅಷ್ಟು ಉದ್ದ. ಆಳ 1,470 ಮೀಟರ್. ಒಳಗೆ ಬಂದ ನೀರು ಹರಿದು ಹೋಗುವುದಕ್ಕಿಂತ ಆವಿಯಾಗುವುದೇ ಹೆಚ್ಚು, ಲವಣವೆಲ್ಲ ಅಲ್ಲೇ ಉಳಿಯುತ್ತದೆ. ಪಿಎಚ್ ಒಂಬತ್ತರ ಆಸುಪಾಸು. ಅಂದರೆ ನಾವು ಬೆಳಗಾಗೆದ್ದು ಶಪಿಸುತ್ತಿದ್ದ ನೀರು ಈ ಮೀನುಗಳಿಗೆ ಹೆಚ್ಚುಕಡಿಮೆ ತವರಿನ ನೀರು.

ಮನೆ ಕಟ್ಟುವಾಗ ಮಿಕ್ಕಿದ್ದ ಸೈಜುಗಲ್ಲಿನ ಚೂರುಗಳನ್ನು ಮೂರಡಿ ಟ್ಯಾಂಕಿನಲ್ಲಿ ಪೇರಿಸಿದೆ. ಆರರಲ್ಲಿ ಎರಡು ಜೋಡಿಯಾದವು. ಆದದ್ದೇ ತಡ, ಉಳಿದ ನಾಲ್ಕನ್ನು ಫಿಲ್ಟರಿನ ಸಂದಿಗೆ ಅಟ್ಟಿದವು. ಅವನ್ನು ಜೀವಸಹಿತ ಅಂಗಡಿಗೆ ಮರಳಿಸುವಷ್ಟರಲ್ಲಿ ಸಾಕಾಯಿತು. ಆಮೇಲೊಂದು ದಿನ ಕಲ್ಲಿನ ಮೇಲೆ ಗಾಜಿನ ಚೂರಿನಂಥ ಮರಿಗಳು ತೇಲಿದವು. ಎರಡು ತಿಂಗಳಿಗೆ ಇನ್ನೊಂದು ಸೂಲು. ಆಗ ಕಂಡದ್ದು ತಮಾಷೆ. ಮೊದಲ ಸೂಲಿನ ಮಕ್ಕಳು ಮನೆ ಬಿಟ್ಟಿರಲಿಲ್ಲ. ಬಾಯ್ತುಂಬ ಮರಳು ಕಚ್ಚಿ ಗುಹೆಯ ಹೊರಗೆ ಉಗಿದು ಬರುತ್ತಿದ್ದವು, ತಮ್ಮಂದಿರನ್ನು ಕಾಯುತ್ತಿದ್ದವು, ಗಾಜಿಗಿಟ್ಟ ನನ್ನ ಬೆರಳ ಮೇಲೂ ಏರಿ ಬರುತ್ತಿದ್ದವು. ದೊಡ್ಡದು ಎದುರಾದರೆ ಮಾತ್ರ ಮೈ ಓರೆ ಮಾಡಿ ಬಾಲ ಗಡಗಡ ನಡುಗಿಸುವುದು.

“ನಮಸ್ಕಾರ ಹಾಕ್ತಿದೆ ನೋಡೋ” ಅಂದರು ಅಮ್ಮ. ಅವರ ಕುರ್ಚಿ ಇರುವುದು ಟ್ಯಾಂಕಿನ ಎದುರಿಗೇ.

ಪ್ರಾಣಿವರ್ತನೆಯ ವಿಜ್ಞಾನಿ ಮೈಕೆಲ್ ತಬೋರ್ಸ್ಕಿ ಮತ್ತು ಅವರ ಸಂಗಡಿಗರು ಈ ಮೀನುಗಳ ಸಂಸಾರವನ್ನು 1980ರ ದಶಕದಿಂದ ಅಭ್ಯಾಸ ಮಾಡಿದ್ದಾರೆ. ಅವರ ಪ್ರಕಾರ ಇದು ಬರೀ ಒಡಹುಟ್ಟಿದವರ ಮಮತೆಯಲ್ಲ. ಗುಂಪಿನಲ್ಲಿ ರಕ್ತಸಂಬಂಧ ಇಲ್ಲದವೂ ದುಡಿಯುತ್ತವೆ. ಹೊರಗೆ ಹೋದರೆ ದೊಡ್ಡ ಮೀನಿನ ಬಾಯಿ. ಒಳಗಿರಬೇಕಾದರೆ ಕೆಲಸವೇ ಬಾಡಿಗೆ. ಇದನ್ನು ಅಮ್ಮನಿಗೆ ದೊಡ್ಡ ಸಂಶೋಧನೆ ಎಂಬಂತೆ ಹೇಳಿದೆ. ಇಪ್ಪತ್ತೆರಡು ಜನರ ಮನೆಗೆ ಕಿರಿಸೊಸೆಯಾಗಿ ಬಂದವರು ಅವರು. “ಇದಕ್ಕೆ ಅಷ್ಟು ವರ್ಷ ಬೇಕಾಯ್ತಾ ಅವರಿಗೆ? ನನ್ನನ್ನು ಕೇಳಿದ್ರೆ ಹೇಳ್ತಿದ್ದೆ” ಅಂದರು.

ನಾನು ಮಾಡಿದ ಒಂದು ಅನಾಹುತವನ್ನೂ ಹೇಳಿಬಿಡಬೇಕು. ದೀಪಾವಳಿಗೆ ಮನೆಯೆಲ್ಲ ತೊಳೆಯುವಾಗ ಟ್ಯಾಂಕೂ ಚೊಕ್ಕಟವಾಗಲೆಂದು ಕಲ್ಲುಗಳನ್ನೆಲ್ಲ ತೆಗೆದು, ಉಜ್ಜಿ, ನನಗೆ ಚೆಂದ ಕಂಡಂತೆ ಜೋಡಿಸಿದೆ. ಸಂಜೆಗೆ ರಣರಂಗ. ಯಾವ ಸಂದಿ ಯಾರದೆಂಬ ಲೆಕ್ಕ ಅಳಿಸಿಹೋಗಿತ್ತು, ಅದರೊಂದಿಗೆ ದಾಯಾದಿಗಳ ನಡುವಿನ ಒಪ್ಪಂದವೂ. ಮರುದಿನ ಬೆಳಿಗ್ಗೆ ಒಂದು ಮೀನು ಮೇಲಿನ ಮೂಲೆಯಲ್ಲಿ, ಮೂತಿ ನೀರಿನ ಮಟ್ಟಕ್ಕೆ ತಾಗಿಸಿ, ಹರಿದ ಬಾಲ ಜೋತುಬಿಟ್ಟು ನಿಂತಿತ್ತು. ಅದನ್ನು ಬಕೆಟ್ಟಿಗೆ ಹಾಕಿ ನಾಲ್ಕು ದಿನ ಆರೈಕೆ ಮಾಡಿ ವಾಪಸು ಬಿಟ್ಟೆ. ಯಾರೂ ಸೇರಿಸಿಕೊಳ್ಳಲಿಲ್ಲ. ಅಮ್ಮ ಅವತ್ತು ಕುರ್ಚಿಯನ್ನು ಟಿವಿ ಕಡೆಗೆ ತಿರುಗಿಸಿಕೊಂಡರು. ಆಮೇಲೆ ನಾನು ಕಲ್ಲು ಮುಟ್ಟಿಲ್ಲ.

ಈ ಮೀನುಗಳನ್ನು ಸಾಕುವವರು ಕೈ ಬಿಗಿ ಹಿಡಿದು ತಿಂಡಿ ಹಾಕಬೇಕು. ಕ್ಷಾರದ ನೀರಿನಲ್ಲಿ ಕೊಳೆತ ತಿಂಡಿಯಿಂದ ಹುಟ್ಟುವ ಅಮೋನಿಯಾ ಮೆದು ನೀರಿನಲ್ಲಿರುವುದಕ್ಕಿಂತ ಹೆಚ್ಚು ವಿಷ. ವಾರಕ್ಕೆ ಕಾಲುಭಾಗ ನೀರು ಬದಲಿಸಲೇಬೇಕು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದಾದ್ದರಿಂದ ನಮ್ಮ ನಲ್ಲಿಗೂ ಕೊನೆಗೆ ಕಾವೇರಿ ಬಂದಳು. ಹೆಂಡತಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಬೇಳೆ ಎರಡು ಸೀಟಿಗೆ ಬೆಂದಿತು. “ಇನ್ನು ಬೋರ್ ಮುಚ್ಚಿಸಿಬಿಡೋಣ” ಎಂದಳು. ನಾನು ಉತ್ತರ ಕೊಡುವ ಮೊದಲೇ ಅಮ್ಮ, “ಅವಕ್ಕೆ?” ಅಂದರು.

ಈಗ ಶನಿವಾರ ರಾತ್ರಿ ಐದು ನಿಮಿಷ ಬೋರ್‌ವೆಲ್ ಮೋಟಾರು ಓಡುತ್ತದೆ. ಎರಡು ಬಕೆಟ್ ನೀರು ಹಿಡಿದು, ಬೆಳಗಿನವರೆಗೆ ಏರೇಟರ್ ಹಚ್ಚಿಟ್ಟು, ಭಾನುವಾರ ಟ್ಯಾಂಕಿಗೆ ಹಾಕುತ್ತೇನೆ. ಮಕ್ಕಳು ಮೊಮ್ಮಕ್ಕಳು ಸೇರಿ ಈಗ ಹತ್ತೊಂಬತ್ತಾಗಿವೆ. ಮೊನ್ನೆ ಎಣಿಸಿದವರು ಅಮ್ಮ.