ಸಾಸಿವೆಯಷ್ಟು ಗಾಯ

ನಮ್ಮ ಸ್ಟಾಫ್ ರೂಮಿನ ಕಬ್ಬಿಣದ ಬೀರುವಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಹಿಂದೆ, ನಾಲ್ಕು ವರ್ಷ ನನ್ನದೊಂದು ಕಪ್ಪು ಸೀರೆ ಮಡಿಸಿಟ್ಟುಕೊಂಡಿತ್ತು. ಯಾಕೆಂದು ಯಾರೂ ಕೇಳಲಿಲ್ಲ. ಹೆಂಗಸರಿಗೆ ಗೊತ್ತಿತ್ತು, ಗಂಡಸರಿಗೆ ಬೇಕಿರಲಿಲ್ಲ. ಒಂದು ದಿನ ಹೊಯ್ಸಳರ ಪಾಠ ಹೇಳುತ್ತ ಬೋರ್ಡಿನ ಕಡೆ ತಿರುಗಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸರಕ್ಕನೆ ಎದ್ದು ಬಂದು ನನ್ನ ಹಿಂದೆ ನಿಂತು, "ಮಿಸ್, ಕೂತ್ಕೊಂಡೇ ಹೇಳಿ" ಎಂದು ಕುರ್ಚಿ ಎಳೆದುಕೊಟ್ಟಳು. ಆ ಮಗುವಿನ ಜಾಣತನಕ್ಕೆ ನಾನು ಈಗಲೂ ಋಣಿ.

ಇದು 2017ರ ಮಾತು. ನನಗಾಗ 47 ವರ್ಷ. ತಿಂಗಳಲ್ಲಿ ಹತ್ತು ದಿನ ಮುಟ್ಟು, ಅದೂ ಗರಣೆ ಗರಣೆಯಾಗಿ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಮಹಡಿಯ ಮೇಲಿನ ತರಗತಿಗೆ ಹತ್ತುವಾಗ ಅರ್ಧದಲ್ಲಿ ನಿಂತು, ಕಿಟಕಿಯಾಚೆ ಏನೋ ನೋಡುವವಳಂತೆ ನಟಿಸಿ ಉಸಿರು ತಂದುಕೊಳ್ಳುತ್ತಿದ್ದೆ. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದ ಗೋಡೆಯಲ್ಲಿ ಮೂಸಂಬಿಯಷ್ಟು ದೊಡ್ಡ ಫೈಬ್ರಾಯ್ಡ್ ಗಡ್ಡೆ ಕಾಣಿಸಿತು. "ಕ್ಯಾನ್ಸರ್ ಅಲ್ಲ, ಹೆದರಬೇಡಿ, ಗರ್ಭಕೋಶ ತೆಗೆದುಬಿಡೋಣ" ಎಂದರು ಡಾಕ್ಟರು, ಒಂದೇ ಉಸಿರಿನಲ್ಲಿ. ದಿನ ಗೊತ್ತುಮಾಡಲು ಕ್ಯಾಲೆಂಡರನ್ನೂ ನೋಡಿದರು.

ನಮ್ಮ ಅತ್ತಿಗೆಯಂತೂ, "ಎರಡು ಮಕ್ಕಳಾಗಿವೆ, ಇನ್ನೂ ಅದನ್ನ ಇಟ್ಕೊಂಡು ತೇರು ಎಳೀಬೇಕಾ?" ಎಂದರು. ನಮ್ಮ ಬೀದಿಯಲ್ಲೇ ತೆಗೆಸಿಕೊಂಡವರನ್ನು ಲೆಕ್ಕ ಹಾಕಿದೆ: ಐದು ಜನ. ಅವರಲ್ಲಿ ಮೂವರು ಆರಾಮಾಗಿದ್ದಾರೆ, ಸುಳ್ಳು ಹೇಳಬಾರದು. ನನ್ನ ಮನಸ್ಸು ಹಿಂಜರಿದದ್ದು ಅಕ್ಕನಿಂದಾಗಿ. ಅವಳಿಗೆ 38ಕ್ಕೇ ಆಪರೇಷನ್ ಆಯಿತು. ಆಮೇಲೆ ಮೈಯೆಲ್ಲ ಬೆಂಕಿ ಬಿದ್ದಂತೆ ಉರಿ, ನಿದ್ದೆಯಿಲ್ಲ, ಮೂಳೆ ನೋವು. ಅಂಡಾಶಯಗಳನ್ನೂ ಸೇರಿಸಿ ತೆಗೆದಿದ್ದಾರೆಂದು ಅವಳಿಗೆ ತಿಳಿದದ್ದು ವರ್ಷ ಕಳೆದ ಮೇಲೆ, ಬೇರೆ ಡಾಕ್ಟರೊಬ್ಬರು ಹಳೆಯ ಚೀಟಿ ಓದಿ ಹೇಳಿದಾಗ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ.

ಬೆಂಗಳೂರಿನಲ್ಲಿ ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿ ಊರಿಗೆ ಬಂದಿದ್ದಳು. ಅವಳೇ ಹೇಳಿದ್ದು: "ಟೀಚರ್, ಕೊಯ್ಯದೇನೂ ಮಾಡ್ತಾರೆ. ಎಕ್ಸ್‌ರೇ ಡಾಕ್ಟ್ರು." ಎಕ್ಸ್‌ರೇ ಡಾಕ್ಟರೆಂದರೆ ಚಿತ್ರ ತೆಗೆದು ಷರಾ ಬರೆಯುವವರೆಂದಷ್ಟೇ ನಾನು ತಿಳಿದಿದ್ದೆ. ಅವರಲ್ಲಿ ಚಿತ್ರ ನೋಡುತ್ತಲೇ ಚಿಕಿತ್ಸೆಯನ್ನೂ ಮಾಡುವ ಒಂದು ಪಂಗಡವಿದೆಯಂತೆ. ಇಂಟರ್‌ವೆನ್ಷನಲ್ ರೇಡಿಯಾಲಜಿ ಎನ್ನುತ್ತಾರೆ. ಅರಸೀಕೆರೆಯಿಂದ ಬೆಳಗಿನ ರೈಲು ಹತ್ತಿದೆವು, ನಾನೂ ನಮ್ಮ ಮನೆಯವರೂ.

ಆ ಡಾಕ್ಟರು ಚಿಕ್ಕ ವಯಸ್ಸಿನವರು. ಅರ್ಧ ಗಂಟೆ ಕೂತು, ಕಾಗದದ ಮೇಲೆ ಗೀಚಿ ತೋರಿಸಿದರು. ಗಡ್ಡೆ ಬದುಕಿರುವುದು ರಕ್ತದಿಂದ. ತೊಡೆಸಂದಿನ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆಯ ಮೇಲೆ ದಾರಿ ನೋಡಿಕೊಂಡು ಗರ್ಭಕೋಶದ ನಾಳದವರೆಗೆ ಹೋಗಿ, ಅಲ್ಲಿ ಸಣ್ಣ ಸಣ್ಣ ಕಣಗಳನ್ನು ಬಿಡುತ್ತಾರೆ. ಗಾತ್ರ ಸುಮಾರು ಅರ್ಧ ಮಿಲಿಮೀಟರ್, ನಮ್ಮ ಚಿರೋಟಿ ರವೆಯಂತೆ. ಗಡ್ಡೆಗೆ ಹೋಗುವ ನಾಳ ಮುಚ್ಚಿಹೋಗುತ್ತದೆ. ಗಡ್ಡೆ ಒಣಗುತ್ತ ಕುಗ್ಗುತ್ತದೆ. ಗರ್ಭಕೋಶಕ್ಕೆ ಅಕ್ಕಪಕ್ಕದ ನಾಳಗಳಿಂದಲೂ ರಕ್ತ ಬರುವುದರಿಂದ ಅದು ಉಳಿದುಕೊಳ್ಳುತ್ತದೆ. ಪ್ಯಾರಿಸ್ಸಿನ ರವಿನಾ ಎಂಬ ವೈದ್ಯರು ಮೊದಲು ಇದನ್ನು ಮಾಡಿದ್ದು ಆಪರೇಷನ್ ಹೊತ್ತಿನಲ್ಲಿ ರಕ್ತ ಹೆಚ್ಚು ಹೋಗದಿರಲೆಂದು. ಆದರೆ ಹಲವು ಹೆಂಗಸರಿಗೆ ಅಷ್ಟರಲ್ಲೇ ತೊಂದರೆ ಕಡಿಮೆಯಾಗಿ, ಆಪರೇಷನ್ನೇ ಬೇಕಾಗಲಿಲ್ಲ. 1995ರಲ್ಲಿ ಅದನ್ನು ಪ್ರಕಟಿಸಿದರು.

ಆಮೇಲೆ ಅವರು ಅಡ್ಡಪರಿಣಾಮಗಳನ್ನೂ ಹೇಳಿದರು, ನಾನು ಕೇಳದೆಯೇ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಪೂರ್ತಿ ನಿಂತೇಹೋಗಬಹುದು. ಅಪರೂಪಕ್ಕೆ ಸೋಂಕಾಗಿ ಕೊನೆಗೆ ಗರ್ಭಕೋಶ ತೆಗೆಯಲೇಬೇಕಾಗಬಹುದು. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಮಕ್ಕಳು ಬೇಕೆನ್ನುವವರಿಗಾದರೆ ಬಹಳ ಯೋಚಿಸಿ ಮಾಡಬೇಕು. ಎಂಆರ್‌ಐ ಆಗಬೇಕು, ಗರ್ಭಕೋಶದ ಒಳಪದರದ ಚೂರು ತೆಗೆದು ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೈ ಹಾಕುವುದಿಲ್ಲ. "ಇನ್ನೊಂದು, ಮೇಡಂ. ಆ ರಾತ್ರಿ ನೋವಿರುತ್ತೆ. ಚೆನ್ನಾಗಿಯೇ ಇರುತ್ತೆ." ಈ ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೊಯ್ಯುವುದಿಲ್ಲವೆಂದ ಮೇಲೆ ನೋವೆಲ್ಲಿಂದ ಬಂತು ಎಂದುಕೊಂಡೆ.

ಆ ದಿನ ಬೆಳಗ್ಗೆ ಖಾಲಿ ಹೊಟ್ಟೆ. ಮೂತ್ರಕ್ಕೊಂದು ನಳಿಕೆ, ಕೈಗೊಂದು ಸೂಜಿ. ಕೋಣೆ ಹಿಮದ ಹಾಗೆ ತಣ್ಣಗಿತ್ತು. ಅಲ್ಲಿದ್ದವರೆಲ್ಲ ಎಕ್ಸ್‌ರೇ ತಾಗದಂತೆ ಸೀಸದ ಮೇಲಂಗಿ ತೊಟ್ಟಿದ್ದರು, ನಾನೊಬ್ಬಳು ತೆಳ್ಳನೆಯ ನಿಲುವಂಗಿಯಲ್ಲಿ ಮಲಗಿದ್ದೆ. ಪಾಪ, ಅವರು ದಿನವೂ ಆ ಕಿರಣದ ಹತ್ತಿರ ನಿಲ್ಲುವವರು. ನಾನು ಒಂದು ದಿನದ ಅತಿಥಿ. ಆದರೂ ಆ ಹೊತ್ತಿನಲ್ಲಿ ಅದು ನ್ಯಾಯವೆನಿಸಲಿಲ್ಲ.

ಪೂರ್ತಿ ಅರಿವಳಿಕೆ ಕೊಡುವುದಿಲ್ಲ. ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಸೂಜಿ, ಅದು ಇರುವೆ ಕಚ್ಚಿದಂತೆ ಉರಿಯಿತು. ಆಮೇಲೆ ಯಾರೋ ಹೆಬ್ಬೆರಳಿನಿಂದ ಒತ್ತುತ್ತಿದ್ದಾರೆ ಎನಿಸಿತೇ ಹೊರತು, ಕೊಳವೆ ಒಳಗೆ ಹರಿದದ್ದು ಒಂದಿಷ್ಟೂ ತಿಳಿಯಲಿಲ್ಲ. "ಈಗ ಬಿಸಿಯಾಗುತ್ತೆ, ಉಸಿರು ಹಿಡೀರಿ" ಎಂದರು. ಬಣ್ಣದ ಮದ್ದು ಹರಿದಾಗ ಕಿಬ್ಬೊಟ್ಟೆಯೊಳಗೆ ಬಿಸಿನೀರು ಚೆಲ್ಲಿದ ಹಾಗಾಯಿತು. ಮೂತ್ರವೇ ಹೋಯಿತೇನೋ ಎಂದು ನಾಚಿಕೆಯಾಗಿ ನರ್ಸಮ್ಮನನ್ನು ಕೇಳಿದೆ. "ಎಲ್ಲರಿಗೂ ಹಾಗೇ ಅನ್ಸುತ್ತೆ ಕಣಮ್ಮ" ಎಂದರು.

ಕತ್ತು ಹೊರಳಿಸಿದರೆ ಪರದೆ ಕಾಣುತ್ತಿತ್ತು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಕಾವೇರಿಯನ್ನು ಬರೆದವಳು ನಾನು. ಹಾರಂಗಿ ಇಲ್ಲಿ, ಹೇಮಾವತಿ ಇಲ್ಲಿ, ಲಕ್ಷ್ಮಣತೀರ್ಥ, ಕಬಿನಿ ಎಂದು ಸೀಮೆಸುಣ್ಣ ಸವೆಸಿದವಳು. ಪರದೆಯ ಮೇಲೆ ಅದೇ ನಕ್ಷೆ ಕಪ್ಪು ಗೆರೆಗಳಲ್ಲಿ ಮೂಡಿ ಮಾಯವಾಯಿತು. ದೊಡ್ಡ ನಾಳ, ಅದರಿಂದ ಕವಲು, ಆ ಕವಲಿನಿಂದ ಸುರುಳಿ ಸುರುಳಿಯಾದ ಇನ್ನೊಂದು, ಕೊನೆಗೆ ಉಂಡೆ ಕಟ್ಟಿದ ನೂಲಿನಂತೆ ಗಡ್ಡೆ. ನಾಲ್ಕು ವರ್ಷ ನನ್ನ ರಕ್ತ ಕುಡಿದದ್ದು ಇದೇ ಎಂದು ಕಣ್ಣಾರೆ ನೋಡಿದೆ. ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಎಡಗಡೆ, ಬಲಗಡೆ ಎರಡೂ ನಾಳಗಳಿಗೆ ಅದೇ ಒಂದು ತೂತಿನಿಂದ ಕಣ ಬಿಟ್ಟರು. ಕೊನೆಯ ಸಲ ಬಣ್ಣ ಹರಿಸಿದಾಗ ನೂಲಿನುಂಡೆ ಇರಲಿಲ್ಲ. ಎಲೆಯುದುರಿದ ಕೊಂಬೆಯಷ್ಟೇ ಇತ್ತು. ಒಂದೂಕಾಲು ಗಂಟೆ ಹಿಡಿಯಿತು. ತೊಡೆಸಂದನ್ನು ಒತ್ತಿ ಹಿಡಿದು ಪಟ್ಟಿ ಹಾಕಿ, ಆರು ಗಂಟೆ ಕಾಲು ಮಡಿಸಬೇಡಿ ಎಂದರು. ಹೊಲಿಗೆಯಿಲ್ಲ. ಸಾಸಿವೆಯಷ್ಟು ಗಾಯ.

"ಇಷ್ಟೇನಾ!" ಎಂದು ಫೋನಿನಲ್ಲಿ ಅತ್ತಿಗೆ ನಕ್ಕರು. ನಾನೂ ನಕ್ಕೆ. ಸಂಜೆ ಐದರ ಹೊತ್ತಿಗೆ ಶುರುವಾಯಿತು.

ಎರಡು ಹೆರಿಗೆ ಕಂಡವಳು ನಾನು. ಆ ನೋವಿಗೆ ನಡುವೆ ಬಿಡುವಾದರೂ ಇರುತ್ತಿತ್ತು. ಇದು ಹಿಂಡುತ್ತಲೇ ಇತ್ತು, ಒದ್ದೆ ಸೀರೆ ಹಿಂಡಿದ ಹಾಗೆ. ರಕ್ತವಿಲ್ಲದೆ ಗಡ್ಡೆ ಸಾಯುವಾಗ ಹೀಗಾಗುತ್ತದಂತೆ. ಮದ್ದಿನ ಡ್ರಿಪ್ ಇತ್ತು, ವಾಕರಿಕೆಯೂ ಇತ್ತು. ರಾತ್ರಿ ಎರಡಕ್ಕೆ, ಏನೋ ತಪ್ಪಾಗಿದೆ, ಸಾಯುತ್ತೇನೆ ಎಂದು ಗಟ್ಟಿಯಾಗಿ ನಂಬಿದೆ. ಡ್ಯೂಟಿ ನರ್ಸ್ ಬಂದು ನಾಡಿ ನೋಡಿ, ಮದ್ದು ಹೆಚ್ಚಿಸಿ, "ಡಾಕ್ಟ್ರು ಹೇಳಿದ್ರಲ್ಲ, ಇದು ಅದೇನೇ. ಬೆಳಗ್ಗೆ ಹೊತ್ತಿಗೆ ಇಳಿಯುತ್ತೆ" ಎಂದಳು. ಆಗ ಆ ಕೊನೆಯ ಮಾತು ನೆನಪಾಯಿತು. ನೋವು ಅಷ್ಟೇ ಇತ್ತು, ಆದರೆ ಸಾಯುತ್ತೇನೆಂಬುದು ಹೋಯಿತು. ಅಕ್ಕನಿಗೆ ಇಂಥ ಒಂದು ಮಾತನ್ನು ಯಾರಾದರೂ ಮುಂಚೆಯೇ ಹೇಳಿದ್ದರೆ ಎಂದುಕೊಳ್ಳುತ್ತ ಬೆಳಗು ಮಾಡಿದೆ.

ಎರಡನೆಯ ದಿನ ಮನೆಗೆ ಕಳಿಸಿದರು. ಒಂದು ವಾರ ಸಣ್ಣ ಜ್ವರ, ಬತ್ತಿದ ಮೈ, ಅನ್ನ ಕಂಡರೆ ಬೇಸರ. ಜ್ವರ ಏರಿದರೆ, ದುರ್ವಾಸನೆಯ ಸ್ರಾವವಾದರೆ ತಕ್ಷಣ ಬರಬೇಕೆಂದು ಬರೆದುಕೊಟ್ಟ ಚೀಟಿಯನ್ನು ನಮ್ಮ ಮನೆಯವರು ದೇವರ ಕೋಣೆಯ ಬಾಗಿಲಿಗೇ ಅಂಟಿಸಿದ್ದರು. ಹದಿನೈದನೆಯ ದಿನ ಶಾಲೆಗೆ ಹೋದೆ. ಖರ್ಚೇನೂ ಆಪರೇಷನ್ನಿಗಿಂತ ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡು ತಿಂಗಳಿಗೆ ಮುಟ್ಟು ಬಂತು, ನಾಲ್ಕೇ ದಿನ. ಆರು ತಿಂಗಳ ಸ್ಕ್ಯಾನಿನಲ್ಲಿ ಮೂಸಂಬಿ ನಿಂಬೆಹಣ್ಣಾಗಿತ್ತು, ಹಿಮೋಗ್ಲೋಬಿನ್ 11 ದಾಟಿತ್ತು. 51ಕ್ಕೆ ಮುಟ್ಟು ತಾನಾಗಿ ನಿಂತಿತು. ಗಡ್ಡೆ ಈಗಲೂ ಒಳಗಿದೆ, ಸುಣ್ಣಗಟ್ಟಿಕೊಂಡು ಸುಮ್ಮನಿದೆ ಎನ್ನುತ್ತಾರೆ.

2018ರ ಆಗಸ್ಟ್ 15ಕ್ಕೆ ಬಿಳಿ ಸೀರೆ ಉಟ್ಟು ಧ್ವಜದ ಕೆಳಗೆ ನಿಂತಿದ್ದೆ. ಕುರ್ಚಿ ಎಳೆದುಕೊಟ್ಟಿದ್ದ ಆ ಹುಡುಗಿ ಅಷ್ಟರಲ್ಲಿ ಹತ್ತನೇ ತರಗತಿ. ಸಾಲಿನಿಂದಲೇ ನನ್ನ ಸೀರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತುಟಿ ಬಿಗಿಹಿಡಿದು ನಕ್ಕಳು.