ಹುಲಗೂರಿನ ಹಾದಿಯಲ್ಲಿ ಗಂಧದ ಲೆಕ್ಕ

ಶಿಗ್ಗಾವಿ ತಾಲ್ಲೂಕಿನ ಹುಲಗೂರಿಗೆ ಶಿಶುನಾಳ ಹತ್ತಿರ. ಶರೀಫರ ತಂದೆ ಇಮಾಮ್ ಸಾಹೇಬರು ಹುಲಗೂರಿನ ಖಾದರಿ ಸಂತರ ಭಕ್ತರಾಗಿದ್ದರೆಂದು ಈ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. ನಮ್ಮ ಕಡೆ ಉರುಸು ಅಂದರೆ ಮೊದಲು ಗಂಧ, ಆಮೇಲೆ ಉರುಸು. ಪೂಜೆಗೂ ಗಂಧವೇ ಬೇಕು. ಹಾಗಾಗಿ ಇಲ್ಲಿ ಗಂಧದ ಮಾತು ಯಾರ ಮನೆಯಲ್ಲೂ ಹೊಸದಲ್ಲ.

ಈ ಸಲ ದರ್ಗಾಕ್ಕೆ ಹೋಗಿ ಬರುವಾಗ ಜೊತೆಗೆ ದೊಡ್ಡಪ್ಪನ ಮಗ ಇದ್ದ. ಎರೆಹೊಲದ ಪಕ್ಕದ ಒಂದು ಎಕರೆ ಮಸಾರಿಗೆ ಶ್ರೀಗಂಧ ಹಚ್ಚಬೇಕು, ಅದಕ್ಕೆ ಸಾಲ ಮಾಡಬೇಕು ಅಂತ ಅವನ ಲೆಕ್ಕ.

“ಸಸಿ ಮಾರಾವ ಗ್ಯಾರಂಟಿ ಕೊಟ್ಟಾನವಾ. ಹದಿನೈದು ವರ್ಷಕ್ಕ ಕೋಟಿ ಅಂತಾನ.”

“ಬೀಜ ಎಲ್ಲಿಂದ ತಂದಾರಂತ ಅಣ್ಣಾ?”

“ಗಂಧ ಅಂದ್ರ ಗಂಧನ ಅಲ್ಲೇನು? ಅದರಾಗ ಬ್ಯಾರೆ ಏನಿರ್ತದ?”

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಸುಗಂಧ ತೈಲ ಪರೀಕ್ಷಿಸುವುದು ನನ್ನ ಕೆಲಸ. ಅವನು ಕೇಳಿದ್ದೇ ನಮ್ಮ ದಿನನಿತ್ಯದ ಪ್ರಶ್ನೆ.

ಗಂಧದ ವಾಸನೆ ಇರುವುದು ಮರದ ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ವಾಸನೆಯೇ ಇಲ್ಲ. ಬೇರಿನಲ್ಲಿ ಎಣ್ಣೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಉತ್ತಮ ಎಣ್ಣೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24. ಆದರೆ ಒಂದೇ ತೋಟದ, ಒಂದೇ ವಯಸ್ಸಿನ ಎರಡು ಮರಗಳಲ್ಲೂ ಚೇಗು ಮತ್ತು ಎಣ್ಣೆ ಬೇರೆಬೇರೆ ಇರುತ್ತವೆ. ಎಲೆ ನೋಡಿದರೆ ಎರಡೂ ಅವಳಿ-ಜವಳಿ!

ಪೈನ್ ಮರದ ಕಥೆಯೂ ಇದೇ. ಹಿಮಾಲಯದ ಚೀರ್ ಪೈನ್‌ನ ಟರ್ಪೆಂಟೈನ್‌ನಲ್ಲಿ ಕ್ಯಾರೀನ್ ಹೆಚ್ಚು; ಅಮೆರಿಕ, ಯುರೋಪಿನದರಲ್ಲಿ ಪೈನೀನ್ ಹೆಚ್ಚು. ಈ ಕ್ಯಾರೀನನ್ನು 1920ರಲ್ಲಿ ವಿವರಿಸಿದ ಜೆ.ಎಲ್. ಸೈಮನ್‌ಸೆನ್ ಮುಂದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರೊಫೆಸರ್ ಆಗಿದ್ದರು. ಯುರೋಪಿನ ಸ್ಕಾಟ್ಸ್ ಪೈನ್ ಕಾಡಿನಲ್ಲಂತೂ ಒಂದು ಮರದಲ್ಲಿ ಕ್ಯಾರೀನ್ ತುಂಬಿರುತ್ತದೆ, ಪಕ್ಕದ ಮರದಲ್ಲಿ ಹೆಸರಿಗಷ್ಟೇ. ಅದು ಮಣ್ಣಿನ ಗುಣವೊಂದೇ ಅಲ್ಲ, ತಾಯಿ-ತಂದೆಯಿಂದ ಬಂದ ಬಳುವಳಿ.

ಹಾಗಾದರೆ ಗಂಧದ ಒಳ್ಳೆಯ ಬಳುವಳಿ ಎಲ್ಲಿದೆ? ಕಾಡಿನಲ್ಲಿ, ಹೊಲದ ಬದುವಿನಲ್ಲಿ, ಹಕ್ಕಿ ಹಣ್ಣು ತಿಂದು ಬಿತ್ತಿದ ಹಳೆಯ ಮರಗಳಲ್ಲಿ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯಲು ಶುರು ಮಾಡಿದ್ದು ಇಂಥ ಕಾಡುಮರಗಳನ್ನು ನಂಬಿ. ಇಂದು ಶ್ರೀಗಂಧ ಅಳಿವಿನಂಚಿಗೆ ಜಾರಬಹುದಾದ ಮರಗಳ ಪಟ್ಟಿಯಲ್ಲಿದೆ. ಕಳ್ಳರು ಕಡಿಯುವುದು ಚೇಗು ತುಂಬಿದ ದಪ್ಪ ಮರವನ್ನೇ. ಬೀಜಕ್ಕೆ ಉಳಿಯುವುದು ಬಡಕಲು ಮರ. ಕಟ್ಟಿಗೆಯ ಜೊತೆ ಮುಂದಿನ ಪೀಳಿಗೆಯ ವಾಸನೆಯನ್ನೂ ಅವರು ಒಯ್ಯುತ್ತಾರೆ.

2001ರ ಕಾಯ್ದೆ ತಿದ್ದುಪಡಿಯಿಂದ ನಮ್ಮ ಜಮೀನಿನ ಗಂಧ ನಮ್ಮದೇ ಆಯಿತು. ಬೆಂಗಳೂರಲ್ಲಿ ಕೂತು ಊರಿನ ಜಮೀನಿಗೆ ಗಂಧ ಹಾಕಿಸುವ ಯೋಚನೆ ನಿಮಗೂ ಇದ್ದರೆ ಮೂರು ಪ್ರಶ್ನೆ ಕೇಳಿ. ಬೀಜ ಯಾವ ಮರಗಳದ್ದು? ಆ ಮರಗಳ ಚೇಗು, ಎಣ್ಣೆ ಯಾರಾದರೂ ಪರೀಕ್ಷಿಸಿದ್ದಾರಾ? ಒಂದೇ ಮರದ ಬೀಜವೋ, ಹಲವು ಮರಗಳದ್ದೋ? ಸಸಿ ನೋಡಿ ಎಣ್ಣೆಗೆ ಗ್ಯಾರಂಟಿ ಕೊಡುವವರ ಹತ್ತಿರ ದುಡ್ಡು ಬಿಚ್ಚಬೇಡಿ.

ಅಣ್ಣ ಆ ರಾತ್ರಿಯೇ ಸಸಿಯವನಿಗೆ ಫೋನ್ ಹಚ್ಚಿ ಬೀಜದ ಮೂಲ ಕೇಳಿದ. ಅತ್ತಲಿಂದ ಸಿಕ್ಕಿದ್ದು, “ಆಮ್ಯಾಲ ಹೇಳ್ತೀನ್ರಿ.” ಸಾಲದ ಅರ್ಜಿ ಸದ್ಯ ಕಪಾಟಿನಲ್ಲಿದೆ. ಈ ಮಳೆಗಾಲಕ್ಕೆ ಬದುವಿನ ಮೇಲೆ ಇಪ್ಪತ್ತು ಸಸಿ ಮಾತ್ರ, ಅದೂ ಬೀಜದ ಮೂಲ ಗೊತ್ತಿರುವಲ್ಲಿಂದ. ಗಂಧದ ಬೇರು ಪಕ್ಕದ ಗಿಡದಿಂದ ಆಹಾರ ಎಳೆದುಕೊಳ್ಳುತ್ತದಲ್ಲ, ಅದಕ್ಕೆ ಆಸರೆಯಾಗಿ ತೊಗರಿ ಬಿತ್ತುತ್ತಾನಂತೆ. ಮಿಕ್ಕ ಹೊಲಕ್ಕೆ ಎಂದಿನಂತೆ ಶೇಂಗಾ.